ಯಾರೂ ಕಲಿಸದ ಒಂದು ಮಿನಿಟು

ಮಗಳು ಮಾಳಿಗಿ ಮ್ಯಾಲ ಕುಣಿಯೋದು
ಕೆಳಗ ಅಡಗಿಮನ್ಯಾಗ ನನಗ ಗೊತ್ತಾಕ್ಕೈತಿ:
ಮೊಳಿಗೆ ಹಾಕಿದ ಜಾರಿ ಸೌಟು ಸಣ್ಣಗ ಅಲ್ಲಾಡತೈತಿ.

ನವನಗರ, ನಲವತ್ತೊಂದನೇ ಸೆಕ್ಟರು,
ನಸುಕಿನ ಐದು, ನಳ ಬರೋ ಹೊತ್ತು.
ಕೊಡದಾಗ ನೀರು ಏರತಿರತೈತಿ,
ಮ್ಯಾಲ ತೈಯಾ ತೈ, ತೈಯಾ ತೈ.
ಗೆಜ್ಜಿ ಕಟ್ಟಂಗಿಲ್ಲ,
ಬಾಜೂ ಮನಿ ಅಂಗಡಿ ಮಾಸ್ತರರಿಗೆ ಬಿ.ಪಿ. ಐತಿ.

ಹುಬ್ಬಳ್ಯಾಗ ಒಂದು ಸಾಲಿ.
ಗಣಿತದ ಜೋಡಿ ಕುಣಿತಾನೂ ಕಲಸ್ತಾರಂತ.
ಹದಿನೆಂಟು ಸೀಟು,
ಅರ್ಜಿ ಎಷ್ಟು ಅಂತ ನಾ ಕೇಳಲಿಲ್ಲ.
ಫಾರ್ಮಿನ ಕೆಳಗ ಬರದಿತ್ತು:
ಐದು ಮಿನಿಟು ಕಲಿತದ್ದು,
ಒಂದು ಮಿನಿಟು ಯಾರೂ ಕಲಿಸದ್ದು.

ಕಲಿತದ್ದಕ್ಕ ಇಂದುಮತಿ ಟೀಚರ್ ಅದಾರ.
ಆಯಿತವಾರಕ್ಕೊಮ್ಮೆ ಗದಗಿನಿಂದ ಬಂದು
ಕಟ್ಟಿಗಿ ತಟ್ಟತಾರ:
ಅರೆಮಂಡಿ, ಇನ್ನೂ ಕೆಳಗ, ಇನ್ನೂ.
ಕಲಿಸದ್ದನ್ನ ಎಲ್ಲಿಂದ ತರೋದ್ರೀ ಟೀಚರ್?
ನವಿಲು ಮಾಡವ್ವಾ, ಚಂದ ಬರತೈತಿ ನಿನಗ.
ನವಿಲ ನೀವ ಕಲಿಸೀರಲ್ರೀ, ಅಂದಳು ವಚನಾ.
ಟೀಚರ್ ನಕ್ಕರು.
ಅಕಿ ನಗಲಿಲ್ಲ.

ನಾ ಏನ ಹೇಳಲಿ?
ನನಗ ಬರೋದು ಕೇರೂರು, ಕುಳಗೇರಿ ಕ್ರಾಸ್,
ನರಗುಂದ, ನವಲಗುಂದ.
ಹದಿನಾಲ್ಕು ವರ್ಷದ ಸೀಟಿ,
ಚಿಲ್ಲರ ಇಲ್ಲಂದರ ಇಳೀರಿ ಅನ್ನೋ ದನಿ,
ಸಂಜಿಗೆ ಬೂಟಿನ್ಯಾಗ ಹಿಡಿಸಲಾರದ ಕಾಲು.

ಸೂಟ್ಯಾಗ ಒಂದು ವಾರ
ನನ್ನ ಬಸ್ಸಿನ್ಯಾಗ ಬಂದಳು, ಹಿಂದಿನ ಸೀಟಿಗೆ ಕುಂತು.
ತಿರಗಾಡೋ ಹುಚ್ಚು ಅಂದಕೊಂಡೆ.
ಅಕಿ ನೋಡಿದ್ದು ಕಿಡಕ್ಯಾಗ ಅಲ್ಲ,
ನನ್ನ ಕಾಲಿನ ಕಡೆ.
ಅವ್ವಾ, ಏನೂ ಹಿಡಕೊಳ್ಳದ ಹ್ಯಾಂಗ ನಿಂದರತಿ?
ಯಾರಿಗೊತ್ತ.
ನದಾಫ ಬ್ರೇಕ್ ಒತ್ತೋಕಿಂತ ಮೊದಲ
ಮೊಣಕಾಲಿಗೆ ಸುದ್ದಿ ಬಂದಿರತೈತಿ.

ಒಂದು ರಾತ್ರಿ ಕರೆಂಟ್ ಹೋಗಿತ್ತು.
ಸಂಡಿಗಿ ತಗೀಲಿಕ್ಕೆ ಮಾಳಿಗಿ ಹತ್ತಿದೆ.
ಬೆಳದಿಂಗಳಾಗ ಅಕಿ ಒಬ್ಬಾಕಿನ
ತುಂಬಿದ ಬಸ್ಸಿನ ನಡುವ ಹಾದಿ ಮಾಡಕೋತ ಹೊಂಟಿದ್ದಳು.
ಸೊಂಟ ಸೀಟಿಗೆ ಆನಿಸಿ,
ಇಲ್ಲದ ಮಷೀನಿನ ಗುಂಡಿ ಒತ್ತಿ,
ಇಲ್ಲದ ಚೀಟಿ ಹರದು,
ಯಾರದೋ ಕೂಸಿನ ತಲಿ ಮ್ಯಾಲಿಂದ ಕೈ ಚಾಚಿ.
ಆಮ್ಯಾಲ ಹೊಳ್ಳುವಾಗ
ಎಡಗಾಲು ಚೂರ ತಡದು ಇಟ್ಟಳು.
ನಾ ಇಡೋದು ಹಂಗ.
ಡಾಕ್ಟರಿಗೂ ಹೇಳಿದ್ದಿಲ್ಲ ಅದನ್ನ.

ಮೈ ಉರೀತು.
ಇದನ್ನ ಮಾಡತಿಯೇನ ಅಲ್ಲಿ, ಮಂದಿ ಮುಂದ?
ನಿಂತಳು. ಉಸರು ಏರಿತ್ತು.
ಬ್ಯಾನಿ ಆಕ್ಕೈತೇನವ್ವಾ, ಎಡಗಾಲು?

ಸಂಡಿಗಿ ಇನ್ನೂ ಆರಿಲ್ಲ ಅಂದು
ಕೆಳಗ ಬಂದೆ.
ಆರಿದ್ದವು.

ಇವತ್ತು ಆ ದಿನ.
ಡ್ಯೂಟಿ ಬದಲಿ ಸಿಗಲಿಲ್ಲ, ನನ್ನ ಬಸ್ಸಿಗೇ ಹತ್ತ್ಯಾಳ.
ರೆಗ್ಜಿನ್ ಚೀಲದಾಗ ಪೋಷಾಕು,
ನನ್ನ ಇಳಕಲ್ ಸೀರಿ ಕತ್ತರಿಸಿ ಹೊಲಿಸಿದ್ದು,
ಹಳೇ ಪೇಪರಿನ್ಯಾಗ ಸುತ್ತಿದ ಗೆಜ್ಜಿ.
ಗದ್ದನಕೇರಿ ಹಂತೇಕ ಬಾಣಂತಿ ಒಬ್ಬಾಕಿ ಹತ್ತಿದಳು,
ಇಕಿ ಎದ್ದು ಜಾಗಾ ಬಿಟ್ಟಳು.

ಹೆಣ್ಣಮಕ್ಕಳಿಗೆ ರೊಕ್ಕಿಲ್ಲ ಈಗ,
ಆದರೂ ಚೀಟಿ ಕೊಡಬೇಕು, ಲೆಕ್ಕಕ್ಕ.
ಬಾಗಲಕೋಟಿ, ಹುಬ್ಬಳ್ಳಿ, ಒಂದು, ಸೊನ್ನಿ ರೂಪಾಯಿ.
ಹರದು ಕೊಟ್ಟೆ.
ನನ್ನ ಕೈ ಹ್ಯಾಂಗ ಹರೀತೈತಿ ಅಂತ ನೋಡಿದಳು,
ಇನ್ನೂ.
ನವಿಲೋ, ಅದೋ? ನಾ ಕೇಳಲಿಲ್ಲ.

ಕೇರೂರು ದಾಟಿದ ಮ್ಯಾಲ ರಸ್ತಾ ಕಿತ್ತೈತಿ.
ನದಾಫ ಗಕ್ಕನ ಹೊಳ್ಳಿಸಿದ.
ಇಡೀ ಬಸ್ಸು ಬಲಕ್ಕ ವಾಲಿತು,
ಚೀಲ, ಗಡಗಿ, ಮುದುಕರು, ಕಾಲೇಜಿನ ಹುಡುಗರು,
ಎಲ್ಲಾರೂ ಒಬ್ಬರ ಮ್ಯಾಲ ಒಬ್ಬರು.
ಇಬ್ಬರು ಅಷ್ಟ ವಾಲಲಿಲ್ಲ.

ಮುಂದ ಸರೀರಿ, ಅಂದೆ,
ಎಲ್ಲಾರಿಗೂ ಅನ್ನೋ ಹಂಗ.
ಸರದಳು.